ಭುಜದ ಆಪರೇಶನ್ ಅಲ್ಲ

ಕಳೆದ ಭಾನುವಾರ ಮುಂಜಾನೆ ನಮ್ಮ ಮನೆಯ ಬಾಗಿಲಿಗೆ ಹಿರಿಯರೊಬ್ಬರು ಬಂದರು. ಕೈಯಲ್ಲಿ ಬಿದಿರಿನ ದಬ್ಬೆಗಳ ಕಟ್ಟು, ಕಂಕುಳಲ್ಲಿ ಬಟ್ಟೆಯ ಸುರುಳಿ, ಹೆಗಲ ಚೀಲದಲ್ಲಿ ಲೇಪಕ್ಕೆಂದು ಹುಲ್ಲು ಸುತ್ತಿ ಜೋಪಾನ ಮಾಡಿದ ಕೋಳಿಮೊಟ್ಟೆ. ಮಳಗಿಯಲ್ಲಿ ಮೂಳೆ ಕೂಡಿಸುವ ಇಮಾಮಸಾಬರು ಅವರು. ಎರಡು ಬಸ್ಸು ಬದಲಿಸಿ ದಾಂಡೇಲಿಯವರೆಗೆ ಬಂದದ್ದು ನನ್ನ ಭುಜ ಕಟ್ಟಲು.

ನನ್ನ ಭುಜದ ಮೂಳೆಗೆ ಏನೂ ಆಗಿರಲಿಲ್ಲ.

ಹೀಗೇಕಾಯಿತು? ಹೇಳಲೇಬೇಕು. ಈ ಅಂಕಣದಲ್ಲಿ ವರದಕ್ಷಿಣೆಯ ಬಗ್ಗೆ ಬರೆದಿದ್ದೇನೆ. ಜೋಯಿಡಾದ ಕಾಡಂಚಿನಲ್ಲಿ ಸೌದೆ ಹೊರುವ ಸಿದ್ದಿ ಹೆಂಗಸರ ಕೂಲಿಯ ಬಗ್ಗೆ, ಹೆಣ್ಣುಮಕ್ಕಳ ಶಾಲೆಗಳಲ್ಲಿ ಶೌಚಾಲಯವಿಲ್ಲದ ಬಗ್ಗೆ ಬರೆದಿದ್ದೇನೆ. ಇಂದಿನ ವಿಷಯ ನನ್ನ ಎದೆ. (ಕೈಯಲ್ಲಿನ ಚಹಾ ಕೆಳಗಿಡಬೇಕಾಗಿಲ್ಲ. ಗಾಬರಿಯಾಗುವಂಥದ್ದೇನೂ ಮುಂದೆ ಬರುವುದಿಲ್ಲ.)

ಕೆಲವು ವರ್ಷಗಳಿಂದ ನನ್ನ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿಯುತ್ತಿದ್ದವು. ಕತ್ತಿನಿಂದ ಮೊಣಕೈಯವರೆಗೆ ಕಾದ ತಂತಿ ಎಳೆದಂಥ ನೋವು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಚಾಕ್‌ಪೀಸು ಜಾರಿ ಬೀಳುತ್ತಿತ್ತು. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈ ವರ್ಷ ಕುದಿಯುವ ಹಾಲಿನ ಪಾತ್ರೆ ಕೈಜಾರಿದ ಮೇಲೆ ನಗುವುದು ನಿಂತಿತು.

ಡಾಕ್ಟರುಗಳ ಬಳಿ ಹೋಗಲಿಲ್ಲವೇ? ಹೋದೆ. ಒಬ್ಬರು ತೂಕ ಇಳಿಸಿ ಎಂದರು. ಇಳಿಸಿದೆ. ಮುಖ ಸೊರಗಿತು, ಎದೆ ಸೊರಗಲಿಲ್ಲ. ಇನ್ನೊಬ್ಬರು ಬರೆಯುವುದನ್ನು ಕಡಿಮೆ ಮಾಡಿ ಎಂದರು. (ನನ್ನ ಬರಹದಿಂದ ನೋವಾದವರು ಊರಲ್ಲಿ ಕೆಲವರಿರಬಹುದು. ಅವರಲ್ಲಿ ನಾನು ಸೇರಿಲ್ಲ.) ಮತ್ತೊಬ್ಬರು ನನ್ನ ಕೈಯನ್ನು ಮುಟ್ಟಿಯೂ ನೋಡದೆ, "ಈ ವಯಸ್ಸಿನಾಗ ಹೆಂಗಸರಿಗೆ ಹಿಂಗ ಇರತೈತಿ" ಎಂದು ಕಳಿಸಿಬಿಟ್ಟರು. ಇದು ರೋಗನಿರ್ಣಯವೇ? ನಲವತ್ತು ದಾಟಿದ ಗಂಡಸಿನ ಕೈ ಜೋಮು ಹಿಡಿದರೆ ಹೀಗೆ ಹೇಳಿ ಕಳಿಸುತ್ತಾರೆಯೇ?

ಕೊನೆಗೆ ಹುಬ್ಬಳ್ಳಿಯಲ್ಲಿ ನರರೋಗದ ಡಾಕ್ಟರೊಬ್ಬರು ಸರಿಯಾಗಿ ಪರೀಕ್ಷಿಸಿದರು. ಒಳಗೆ ತೊಡುವ ಬಾಡಿಯ ಪಟ್ಟಿ ಕೂರುವಲ್ಲಿ ನನ್ನ ಹೆಗಲಿನ ಮೇಲೆ ಬೆರಳು ಹುದುಗುವಷ್ಟು ತಗ್ಗು ಬಿದ್ದಿತ್ತು. ಅದನ್ನು ತೋರಿಸಿ ವಿವರಿಸಿದರು. ಕತ್ತಿನಿಂದ ಕೈಗೆ ಇಳಿಯುವ ನರಗಳು ಹೆಗಲಿನ ಹತ್ತಿರ ಇಕ್ಕಟ್ಟಾದ ದಾರಿಯೊಂದರಲ್ಲಿ ಹಾದುಹೋಗುತ್ತವಂತೆ. ಎದೆಯ ಭಾರ ಹೆಗಲನ್ನು ಕೆಳಕ್ಕೆ ಜಗ್ಗುತ್ತದೆ. ಪಟ್ಟಿ ಮೇಲಿನಿಂದ ಒತ್ತುತ್ತದೆ. ನಡುವೆ ನರ ಸಿಕ್ಕಿಕೊಳ್ಳುತ್ತದೆ.

ಪರಿಹಾರ? ಆ ಭಾರವನ್ನೇ ಕಡಿಮೆ ಮಾಡುವ ಆಪರೇಶನ್. ಮುಂಬಯಿಯಿಂದ ಬರುವ ಸರ್ಜನ್ ಒಬ್ಬರು ಈ ತಿಂಗಳ ಕೊನೆಯಲ್ಲಿ ಅದನ್ನು ಮಾಡಬಲ್ಲರು. ಈಗ ತಪ್ಪಿದರೆ ಮಳೆಗಾಲ ಕಳೆದ ಮೇಲೆ. "ಅಲ್ಲೀತನಕ ನರ ಕಾಯತೈತಿ ಅಂತ ನಾ ಹೇಳಲಾರೆ" ಎಂದರು ಡಾಕ್ಟರು.

ಮರಳುವ ಬಸ್ಸಿನಲ್ಲಿ ನನಗೆ ವಿಚಿತ್ರವಾದ ಸಂತೋಷವಾಗಿತ್ತು. ನೋವಿಗೆ ಒಂದು ಕಾರಣ ಸಿಕ್ಕಿತ್ತು! ಅದರ ಹಿಂದೆಯೇ ಅಂಜಿಕೆಯೂ ಬಂತು. ಗಾಯದ ಗುರುತು ಉಳಿಯುತ್ತದೆ. ಸ್ಪರ್ಶ ಮೊದಲಿನಂತಿರದೆ ಹೋಗಬಹುದು. ಆರೋಗ್ಯವಾಗಿರುವ ಅಂಗವನ್ನು ಕತ್ತರಿಸುವುದು ಸರಿಯೇ? ಯಾರೊಡನೆ ಚರ್ಚಿಸಲಿ? ವಿಜ್ಞಾನದ ಪುಸ್ತಕದಲ್ಲಿ ಆ ಪಾಠ ಬಂದಾಗ ಶಿಕ್ಷಕರು ಮನೆಯಲ್ಲಿ ಓದಿಕೊಳ್ಳಿ ಎನ್ನುತ್ತಾರೆ. ಪೇಟೆಯಲ್ಲಿ ಬಾಡಿ ಕೊಳ್ಳಹೋದರೆ ಅಂಗಡಿಯಾತ ಕದ್ದ ಮಾಲಿನಂತೆ ಅದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ನಮ್ಮ ದೇಹದ ಬಗ್ಗೆ ನಾವೇ ಬಾಯಿ ಬಿಡದಂತೆ ಇಷ್ಟು ಅಚ್ಚುಕಟ್ಟಾಗಿ ಏರ್ಪಾಡು ಮಾಡಿದವರು ಯಾರು? ಬಸ್ಸು ಹಳಿಯಾಳ ದಾಟುವಷ್ಟರಲ್ಲಿ ನಾನು ನಿರ್ಧರಿಸಿದ್ದೆ. ನನಗೆ ಕೈ ಬೇಕು.

ನನ್ನ ಪತಿ ಮಾರುತಿ (ಯಜಮಾನರು ಎಂದು ಬರೆಯಲಾರೆ) ಇಲ್ಲಿನ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಒಳ್ಳೆಯ ಮನುಷ್ಯ. ಬೇಡವೆನ್ನಲಿಲ್ಲ. "ಅಣ್ಣಗ ಒಂದ ಮಾತ ಹೇಳಬೇಕು" ಎಂದರು, ಅಷ್ಟೇ. ತಂದೆ ತೀರಿಕೊಂಡ ಮೇಲೆ ಇವರನ್ನು ಓದಿಸಿದವರು ಅಣ್ಣ ಪರಸಪ್ಪ. ಹಳಿಯಾಳದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವರು ಒಪ್ಪದೆ ಈ ಮನೆಯಲ್ಲಿ ಯಾವ ದೊಡ್ಡ ಕೆಲಸವೂ ನಡೆದಿಲ್ಲ. ಅವರು ಬೇಡವೆಂದರೆ ಮಾರುತಿ ಹುಬ್ಬಳ್ಳಿಯ ಬಸ್ಸು ಹತ್ತಲಾರರು ಎಂಬುದು ನನಗೆ ಗೊತ್ತಿತ್ತು.

ಮಾರುತಿ ಹಳಿಯಾಳಕ್ಕೆ ಹೋದರು. ಅಣ್ಣನ ಮುಂದೆ ನಿಂತರು. ಆ ಶಬ್ದ ಬಾಯಿಗೆ ಬರಲಿಲ್ಲ. ಭುಜದ ಆಪರೇಶನ್ ಎಂದು ಹೇಳಿ ಬಂದುಬಿಟ್ಟರು!

ಭುಜಕ್ಕೆ ಚಾಕು ಏಕೆ ಎಂಬುದು ಭಾವನ ವಾದ. ತಮ್ಮ ಗಿರಣಿಯ ಹಮಾಲನ ಜಾರಿದ ಭುಜವನ್ನು ಇಮಾಮಸಾಬರು ಕೂಡಿಸಿದ್ದನ್ನು ಕಣ್ಣಾರೆ ಕಂಡವರು ಅವರು. ಹೀಗಾಗಿ ಖುದ್ದಾಗಿ ಅವರನ್ನು ಕರೆತಂದಿದ್ದರು.

ಭಾವ ಕುರ್ಚಿಯಲ್ಲಿ. ಇಮಾಮಸಾಬರು ಚಾಪೆಯ ಮೇಲೆ. ಮಾರುತಿ ಕಿಟಕಿಯ ಹತ್ತಿರ, ಮಿಲ್ಲಿನ ಚಿಮಣಿಯನ್ನು ಮೊದಲ ಸಲ ಕಂಡವರಂತೆ ನೋಡುತ್ತ. ಅತ್ತೆ ಮೊರ ಹಿಡಿದು ಗೋಡೆಯ ಪಕ್ಕ. ನಾನು ಅಡುಗೆಮನೆಯ ಬಾಗಿಲ ಹಿಂದೆ. ನಮ್ಮ ಮನೆತನದಲ್ಲಿ ಸೊಸೆ ಭಾವನೊಡನೆ ನೇರವಾಗಿ ಮಾತಾಡುವುದಿಲ್ಲ. ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ಹೇಳಬೇಕು, ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಅಷ್ಟೇ. ತಲೆಯ ಮೇಲಿನ ಸೆರಗನ್ನು ನಾನು ಎಂದೋ ಇಳಿಸಿದ್ದೇನೆ. ಇದನ್ನೇಕೆ ಬಿಟ್ಟಿಲ್ಲ ಎಂದು ಕೇಳುವಿರಾ? ಕೇಳಿ. ಒಳ್ಳೆಯ ಉತ್ತರ ನನ್ನಲ್ಲಿಲ್ಲ.

"ಬಿದ್ದಿದ್ದಿರೇನು ತಂಗೀ?" ಇಮಾಮಸಾಬರು ಬಾಗಿಲಿನತ್ತ ಕೇಳಿದರು.

"ಇಲ್ರೀ."

"ಭಾರ ಏನಾರ ಎತ್ತಿದ್ರಿ?"

"ಆಕಿ ಎಲ್ಲಿ ಭಾರ ಎತ್ತತಾಳ ಬಿಡ್ರಿ," ಎಂದರು ಭಾವ. "ಸ್ಟೇಜಿನ ಮ್ಯಾಲ ನಿಂತು ಕೈ ಎತ್ತಿ ಎತ್ತಿ ಭಾಷಣಾ ಮಾಡ್ತಾಳ. ಭುಜ ಜಾರಲಾರದ ಏನಾದೀತು?"

ಮಾರುತಿ ನಕ್ಕರು. ಬಾಗಿಲಿನತ್ತ ನೋಡಿ ನಗು ನುಂಗಿದರು.

"ಹೊರಗ ಬರಾಕ ಹೇಳ್ರಿ," ಇಮಾಮಸಾಬರು ಬಟ್ಟೆಯ ಸುರುಳಿ ಬಿಚ್ಚತೊಡಗಿದರು. "ಒಂದ ಝಟಕಾ. ಮುಗೀತು."

ಆ ಝಟಕಾ ಎಂಬ ಮಾತು ನನಗೆ ಧೈರ್ಯ ಕೊಟ್ಟಿತು. "ಅತ್ತೀ, ಭಾವನವರಿಗೆ ಹೇಳ್ರಿ. ಭುಜ ಜಾರಿಲ್ಲ. ಎದೀ ಭಾರಕ್ಕ ಕೈಯಾನ ನರ ಒತ್ತೇತಿ. ಆ ಭಾರಾ ಕಡಿಮಿ ಮಾಡೂ ಆಪರೇಶನ್ ಅದು. ನಿಮ್ಮ ಸಣ್ಣ ಮಗಾ ನಾಚಿಕೊಂಡು ಭುಜ ಅಂದಾರ."

ಕೋಣೆಗೆಲ್ಲ ಕೇಳಿಸಿತ್ತು. ಆದರೂ ಭಾವ ಏನೂ ಕೇಳಿಸದವರಂತೆ ತಾಯಿಯ ಮುಖ ನೋಡುತ್ತ ಕುಳಿತರು. ಪದ್ಧತಿಯೆಂದರೆ ಪದ್ಧತಿ! ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದ ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು.

"ಪರಶ್ಯಾ, ಭುಜ ಅಲ್ಲಂತ. ಮೊಲಿ ಭಾರಾಗ್ಯಾವಂತ. ಕಡಿಮಿ ಮಾಡಸ್ತಾಳಂತ."

ನಾನು ಎದೆ ಎಂದಿದ್ದೆ. ಅತ್ತೆ ಆ ಸಣ್ಣ ಮುಸುಕನ್ನೂ ತೆಗೆದುಹಾಕಿದ್ದರು.

"ಅವ್ವಾ! ಮಂದಿ ಮುಂದ ಏನ್ ಮಾತಾಡ್ತಿ!"

"ಯಾಕ? ನಡ್ಯಾಕ ಬಂದ ಮ್ಯಾಲೂ ಬಿಡಲಿಲ್ಲ ನೀ. ಸಂತ್ಯಾಗ ಮಂದಿ ಮುಂದ ಸೆರಗ ಜಗ್ಗತಿದ್ದಿ. ಈಗ ಹೆಸರ ಕೇಳಿದ್ರ ನಾಚಿಕಿ ಬಂತೇನ?"

ಇಮಾಮಸಾಬರು ಗಡ್ಡದೊಳಗೇ ನಗುತ್ತ ದಬ್ಬೆಗಳನ್ನು ಮತ್ತೆ ಕಟ್ಟಿದರು. "ಇದು ನನ್ನ ಕೆಲಸ ಅಲ್ರೀ ಪರಸಪ್ಪಾ. ದವಾಖಾನಿಗೆ ಕಳಸ್ರಿ. ತತ್ತಿ ಮಾತ್ರ ವಾಪಸ್ ಒಯ್ಯಾಂಗಿಲ್ಲ, ಬಸ್ಸಿನ್ಯಾಗ ಒಡೀತಾವ. ಪಲ್ಯಾ ಮಾಡಿದ್ರ ಉಂಡ ಹೋಗ್ತೇನಿ."

ಬಾಗಿಲ ಹಿಂದೆ ನಾನು ನನ್ನ ಎರಡು ಸತ್ತ ಬೆರಳುಗಳನ್ನು ಹಿಸುಕಿಕೊಳ್ಳುತ್ತಿದ್ದೆ. ಕಡೆಗೆ ಭಾವ ಕೇಳಿದರು, "ಅವ್ವಾ, ಕೈ ಸುದ್ದ ಆಗತೈತೇನಂತ ಕೇಳು."

ಪೂರ್ತಿ ಸರಿಹೋಗುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ, ಮಾಡಿಸದಿದ್ದರೆ ಮಾತ್ರ ಕೈ ಹೋಗುತ್ತದೆ ಎಂದಿದ್ದಾರೆ ಎಂದೆ. ಅತ್ತೆ ದಾಟಿಸಿದರು. ಭಾವ ತಮ್ಮನತ್ತ ತಿರುಗಿದರು.

"ಹುಚ್ಚಪ್ಪಾ, ಈ ಹಿರೇ ಮನಷ್ಯಾನ್ನ ಮಳಗಿಯಿಂದ ಎಬ್ಬಿಸಿಕೊಂಡ ಬಂದೇನಲ್ಲೋ! ಕರಕೊಂಡ ಹೋಗು. ತಡಾ ಮಾಡಬ್ಯಾಡ."

ನನ್ನ ಕೈ ಉಳಿಸಿಕೊಳ್ಳಲು ಭಾವನ ಅಪ್ಪಣೆ ಬೇಕಾಯಿತು. ಇದು ಅನ್ಯಾಯ. ಅನ್ಯಾಯವೆಂದೇ ಬರೆಯುತ್ತೇನೆ, ಅಪ್ಪಣೆ ಕೊಟ್ಟವರು ಎಷ್ಟೇ ಒಳ್ಳೆಯವರಾಗಿರಲಿ. ಅಂಕಣವನ್ನು ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ಅತ್ತೆ ಇನ್ನೂ ಮೊರ ಕೈಗೆತ್ತಿಕೊಂಡಿರಲಿಲ್ಲ.

"ಪರಶ್ಯಾ," ಎಂದರು, ನನ್ನತ್ತ ನೋಡದೆ. "ಆಕೀನ ಇನ್ನೊಂದ ಕೇಳು. ನನ್ನ ವಾರಿಗಿಯವರಿಗೂ ಅದನ್ನ ಮಾಡತಾರೇನಂತ."

ಸದಾ ಪರರ ಮಾತು ದಾಟಿಸುವ ಅತ್ತೆ ಅಂದು ತಮ್ಮ ಮಾತನ್ನು ಮಗನ ಕೈಯಲ್ಲಿ ಕಳಿಸುತ್ತಿದ್ದರು.

"ಯಾರಿಗೆ ಅವ್ವಾ?"

"ನನಗೋ. ನಿನ್ನ ಹಡದಾಗಿಂದ ರೊಟ್ಟಿ ಬಡಿಯೂ ಮುಂದ ಬೆರಳು ಅದಾವೋ ಇಲ್ಲೋ ಗೊತ್ತಾಗೂದಿಲ್ಲ. ಹೆಂಗಸರ ಕೈ ಅಂದ್ರ ಹಿಂಗ ಇರತಾವ ಅಂತ ತಿಳಕೊಂಡಿದ್ದೆ."

ಭಾವ ಎದ್ದು ನಿಂತರು. ನಾನು ಈ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಅಡುಗೆಮನೆಯ ಬಾಗಿಲಿಗೆ ಬಂದು, ನನ್ನ ಮುಖ ನೋಡಿ ಕೇಳಿದರು, "ಮಾಡತಾರೇನು ತಂಗೀ?"

"ಕೇಳೂಣ್ರಿ ಭಾವ," ಎಂದೆ, ನೇರವಾಗಿ.

ಬರುವ ಸೋಮವಾರ ಹುಬ್ಬಳ್ಳಿಗೆ ನಾವು ನಾಲ್ವರೂ ಹೊರಟಿದ್ದೇವೆ. ಭಾವ ಗಿರಣಿಗೆ ರಜೆ ಹಾಕಿದ್ದಾರೆ. ಈ ವಯಸ್ಸಿನಲ್ಲಿ ಡಾಕ್ಟರು ಬೇಡವೆನ್ನಬಹುದು ಎಂದು ಅತ್ತೆಗೆ ಮೊದಲೇ ತಿಳಿಸಿದೆ. ಅವರು ಹೊಸ ಕುಪ್ಪಸ ತೆಗೆದಿಟ್ಟುಕೊಳ್ಳುತ್ತ ಹೇಳಿದರು, "ಬ್ಯಾಡಂದ್ರ ಬ್ಯಾಡ. ಯಾಕ ಹಿಂಗ ಆಗತೈತಿ ಅಂತಾರ ಹೇಳ್ತಾರಲ್ಲ."

ಅಷ್ಟು ವರ್ಷ ಆ ರೊಟ್ಟಿ ತಿಂದ ನಾವು ಯಾರೂ ಅದನ್ನು ಕೇಳಲಿಲ್ಲ. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರನ್ನು ನೀವು ಕೇಳಿದ್ದೀರಾ?