ಗಿರಿಜಕ್ಕ ಬರೆದ ಹೆಸರು

ಪರೀಕ್ಷೆ ನಡೆಯುವ ಶಾಲೆಯಲ್ಲಿ ಕಾದು ನಿಂತು ಉಗುರು ಕಚ್ಚುವ ಕೆಲಸ ಮಗಳ ಟೆಂತ್ ಜೊತೆಗೇ ಮುಗಿಯಿತು ಅಂದುಕೊಂಡಿದ್ದೆ. ಕಳೆದ ಭಾನುವಾರ ಮತ್ತೆ ಕಚ್ಚಿದೆ. ಈ ಸಲ ಒಳಗೆ ಕೂತಿದ್ದವರು ನಮ್ಮ ಡೊಂಬಿವಲಿ ಬಿಲ್ಡಿಂಗಿನ ಗಿರಿಜಕ್ಕ. ವಯಸ್ಸು ಅರವತ್ತಾರು.

ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ಗಣಪಯ್ಯನವರ ವಾಶಿಯ ಹೋಟೆಲಿಗೆ ವರ್ಷಾನುಗಟ್ಟಲೆ ಮಸಾಲೆ ಅರೆದುಕೊಟ್ಟವರು. ಶಾಲೆಯ ಮುಖ ಕಂಡವರಲ್ಲ. ವಯಸ್ಕರ ಸಾಕ್ಷರತೆಗೆ ಸರ್ಕಾರದ ಹೊಸ ಯೋಜನೆ ಬಂದಿದೆಯಲ್ಲ, ಅದರಲ್ಲಿ ಸಂಬಳದ ಮೇಷ್ಟರಿಲ್ಲ. ಓದು ಬಲ್ಲವರು ಅಕ್ಕಪಕ್ಕದವರಿಗೆ ಕಲಿಸಬೇಕು. (ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದರಲ್ಲಿ ಸರ್ಕಾರ ಎತ್ತಿದ ಕೈ.) ಹಾಗೆ ನಾನು ಟೀಚರ್, ನಮ್ಮ ಡೈನಿಂಗ್ ಟೇಬಲ್ಲೇ ಕ್ಲಾಸ್‌ರೂಮ್.

ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಅಂದರು. ಬೆಳಿಗ್ಗೆಯಿಂದ ಸಂಜೆಯೊಳಗೆ ಯಾವಾಗ ಬೇಕಾದರೂ ಬನ್ನಿ ಅಂದರು. ಊಟದ ಹೊತ್ತಿಗೆ ಕೌಂಟರ್ ಮುಚ್ಚುವ ಸರ್ಕಾರವೇ ಇದು? ಗಿರಿಜಕ್ಕ ಅಡುಗೆ ಮುಗಿಸಿ, ಗಂಡನಿಗೆ ಬಡಿಸಿ, ಒಳ್ಳೆಯ ಸೀರೆ ಉಟ್ಟು ಹೊರಟರು. ಗಣಪಯ್ಯನವರೂ ಕೊಡೆ ಹಿಡಿದು ಹಿಂದೆ ಬಂದು ಗೇಟಿನ ಬಳಿ ನಿಂತರು.

ನಾನು ವರಾಂಡದ ಕಿಟಕಿಯಲ್ಲಿ ಇಣುಕುತ್ತಿದ್ದೆ. ಮೊದಲ ಗೆರೆಯಲ್ಲಿ ತಮ್ಮ ಹೆಸರು ಬರೆದರು. ಎರಡನೇ ಗೆರೆಗೆ ಪೆನ್ನು ನಿಂತಿತು. ಅಲ್ಲಿ ಗಂಡನ ಹೆಸರು ಬರೆಯಬೇಕು.

ಗಿರಿಜಕ್ಕ ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಲ್ಲಿ ಆಡಿದವರಲ್ಲ. ಟಿಟ್ವಾಳಾದ ಗುಡಿಗೆ ಹೋದರೂ 'ಸೊಂಡಿಲ ದೇವ್ರು' ಅನ್ನುತ್ತಾರೆಯೇ ಹೊರತು ಗಣಪತಿ ಅನ್ನುವುದಿಲ್ಲ. ನನಗೆ ಅದು ಮರೆತೇ ಹೋಗಿತ್ತು.

ಮೇಲ್ವಿಚಾರಕಿ ಮರಾಠಿ ಟೀಚರ್ ಹೊರಬಂದು ಅಜ್ಜಿಗೆ ಏನಾಯಿತು ಎಂದು ಕೇಳಿದರು. ವಿಷಯ ಹೇಳಿದೆ. ಅವರು ನಕ್ಕು, ನಮ್ಮಲ್ಲಾದರೆ ಉಖಾಣಾ ಕಟ್ಟಿ ಪದ್ಯದೊಳಗೆ ಗಂಡನ ಹೆಸರು ಸೇರಿಸಿ ಹೇಳಿಬಿಡುತ್ತೇವೆ ಅಂದರು. ಗಿರಿಜಕ್ಕನ ಮನೆಯಲ್ಲಿ ಆ ರೂಢಿಯೂ ಇಲ್ಲ. ಇಷ್ಟು ದಿನದ ಓದು ಎರಡನೇ ಗೆರೆಯಲ್ಲೇ ಮುಳುಗುತ್ತದೆಯೇ? (ಅಷ್ಟಕ್ಕೂ ಹೆಂಗಸಿಗೆ ಓದು ಬರುತ್ತದೋ ಇಲ್ಲವೋ ನೋಡಲು ಗಂಡನ ಹೆಸರು ಯಾಕೆ ಬೇಕು ಸ್ವಾಮಿ?)

ಗಿರಿಜಕ್ಕ ಒಮ್ಮೆ ಕಿಟಕಿಯಾಚೆ ಗೇಟಿನತ್ತ ನೋಡಿದರು. ತಲೆ ಬಗ್ಗಿಸಿದರು. ಬರೆದರು. ಆಮೇಲೆ ಆ ಪೆನ್ನು ನಿಲ್ಲಲೇ ಇಲ್ಲ.

ಹೊರಬಂದಾಗ ಕೇಳಿದೆ, ಹೇಗೆ ಬರೆದಿರಿ ಅಂತ.

"ಅತ್ತೆ ಹೇಳುಕಾಗ ಅಂದಿದ್ರ್. ಬರಿಯುಕಾಗ ಅಂದೇಳಿ ಅಂದಿರ್ಲಿಲ್ಲ ಅಲ್ದಾ?"

ನಾನು ಬೆರಗಾದೆ. ಹೌದಲ್ಲ! ಆ ಅತ್ತೆ ಬರೆಯಬೇಡ ಅನ್ನಲಿಲ್ಲ. ಸೊಸೆ ಒಂದು ದಿನ ಬರೆದಾಳು ಎಂದು ಅವರಿಗೆ ಹೊಳೆದಿದ್ದರೆ ತಾನೆ ಬೇಡ ಅನ್ನುವುದು?

ಗೇಟಿನ ಹತ್ತಿರ ಗಣಪಯ್ಯನವರು, "ಎಂತ ಬರ್ದ್ಯೆ, ಕಾಂಬ?" ಅಂದರು. ಉತ್ತರ ಬರೆದ ಪತ್ರಿಕೆ ಒಳಗೇ ಉಳಿದಿತ್ತು. ಗಿರಿಜಕ್ಕ ಅವರ ಬಲಗೈ ಎಳೆದು ಅಂಗೈ ಮೇಲೆ ಪೆನ್ನಿನಿಂದ ಬರೆದರು. ನಿಧಾನವಾಗಿ, ನಾಲ್ಕೂ ಅಕ್ಷರ. ಹೆಂಡತಿಯಿಂದ ಒಮ್ಮೆಯೂ ತಮ್ಮ ಹೆಸರು ಕೇಳದ ಮನುಷ್ಯ ಅದನ್ನು ಓದಿಕೊಂಡರು. ಕೊಡೆಯನ್ನು ಎಡಗೈಯಲ್ಲೇ ಹಿಡಿದು ನಡೆದರು. ನನ್ನ ಕಣ್ಣು ತುಂಬಿತ್ತು.

ರಿಸಲ್ಟ್ ಬರಲು ಇನ್ನೂ ತಡವಂತೆ. ಜೀವಮಾನವಿಡೀ ಕೈಯಲ್ಲೇ ಉಂಡ ಗಣಪಯ್ಯನವರು ಆ ರಾತ್ರಿ ಊಟಕ್ಕೆ ಚಮಚ ಕೇಳಿದರಂತೆ.

ಇನ್ಯಾವ ರಿಸಲ್ಟ್ ಬೇಕು?