ತೊಂಬತ್ತೇಳು ಹಪ್ಪಳ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಉದ್ದಿನ ಹಪ್ಪಳ ಸುಡುತ್ತಿದ್ದರು. ವಾಸನೆ ಕಿಟಕಿಯೊಳಗೆ ಬಂದದ್ದೇ ತಡ, ನನ್ನ ತಲೆಯಲ್ಲಿ ಭಾಗಾಕಾರ ಶುರುವಾಯಿತು. ನಗಬೇಡಿ. ನಿಮಗೆ ಹಪ್ಪಳವೆಂದರೆ ಅನ್ನ, ಸಾರು ನೆನಪಾಗಬಹುದು. ನನಗೆ ನೆನಪಾಗುವುದು ಅವಿಭಾಜ್ಯ ಸಂಖ್ಯೆ.

ತೊಂಬತ್ತರ ದಶಕದ ಮಾತು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ವರ್ಷವೇ ಹುಮನಾಬಾದಿನ ಶಾಲೆಯೊಂದರಲ್ಲಿ ನನಗೆ ಗಣಿತ ಕಲಿಸುವ ಕೆಲಸ ಸಿಕ್ಕಿತು. ಯಜಮಾನರದೇನೂ ಅಡ್ಡಿಯಿರಲಿಲ್ಲ, ಆದರೆ ಅತ್ತೆ ಹೂಂ ಅನ್ನದೆ ನಮ್ಮ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಅವರೋ, ದಿನಾ ಬಸ್ಸಿಗೆ ಓಡಾಡುವ ಸೊಸೆ ಯಾತಕ್ಕೆ, ನಿನ್ನ ಲೆಕ್ಕದಿಂದ ನನ್ನ ಮಾಳಿಗೆಗೆ ಏನುಪಯೋಗ ಎಂದುಬಿಟ್ಟರು.

ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವುದಕ್ಕೂ ಅವರದೊಂದು ಕಟ್ಟುಪಾಡಿತ್ತು. ಹಳೆ ಸೀರೆಯ ಮೇಲೆ ಸಾಲುಗಳೆಲ್ಲ ಸಮನಾಗಿರಬೇಕು. ಕಾಗೆ ಒಂದನ್ನು ಎತ್ತಿಕೊಂಡು ಹೋದರೂ ಕೂಡಲೇ ಕಣ್ಣಿಗೆ ಬೀಳಬೇಕು. ಏಳರ ಸಾಲು ಮಾತ್ರ ಕೂಡದು. ಏಳೆಂದರೆ ಅವರಿಗೆ ಏಳೂವರೆ ವರ್ಷ ಕಾಡುವ ಸಾಡೇಸಾತಿ ಶನಿ ನೆನಪಾಗುತ್ತಿತ್ತು. ನೌಕರಿಯ ಮಾತು ಹೀಗೆ ನಿಂತಿದ್ದಾಗ ಒಂದು ದಿನ ತೊಂಬತ್ತೊಂದು ಹಪ್ಪಳವಾಗಿದ್ದವು. ಹತ್ತರ ಸಾಲು ಹಾಕಿದರು, ಒಂದು ಉಳಿಯಿತು. ಒಂಬತ್ತು, ಆರು, ಐದು, ಹೇಗೆ ಹಾಕಿದರೂ ಆ ಒಂದು ಹಪ್ಪಳ ಹೊರಗೇ. ಅವರು ಕೈಚೆಲ್ಲಿ ಕೂತ ಮೇಲೆ ನಾನು ಏಳೇಳರಂತೆ ಇಡುತ್ತ ಹೋದೆ. ಹದಿಮೂರು ಸಾಲು, ಒಂದೂ ಉಳಿಯಲಿಲ್ಲ. ಅತ್ತೆ ಮನಸ್ಸಿನಲ್ಲೇ ಶನಿದೇವರಿಗೆ ಕೈಮುಗಿದಿರಬೇಕು. ಆದರೂ ಆ ಸಾಲುಗಳನ್ನು ಕೆಡಿಸಲಿಲ್ಲ.

ಮರುದಿನ ತೊಂಬತ್ತೇಳು. ನಾನು ಕೂತಲ್ಲಿಂದಲೇ ಹೇಳಿದೆ, "ಅತ್ತಿ, ಕೈ ಹಚ್ಚಬ್ಯಾಡ್ರಿ. ಇವು ಯಾವ ಸಾಲಿಗೂ ಕುಂದರಂಗಿಲ್ಲ."

"ಇಟ್ಟು ನೋಡದನ ಹ್ಯಾಂಗ ಹೇಳ್ತಿ?"

ಎರಡು, ಮೂರು, ಐದು, ಏಳು, ಈ ನಾಲ್ಕಕ್ಕೆ ಬಗ್ಗದಿದ್ದರೆ ಮುಗಿಯಿತು ಎಂದೆ. ನಾಲ್ಕು, ಆರು, ಎಂಟು, ಹತ್ತು ಎಲ್ಲ ಎರಡರ ಮನೆಯವೇ, ಒಂಬತ್ತು ಮೂರರ ಮನೆಯದು. ಹತ್ತಕ್ಕಿಂತ ಉದ್ದದ ಸಾಲು ಹಾಕಿದರೆ ಸಾಲುಗಳೇ ಹತ್ತಕ್ಕಿಂತ ಕಮ್ಮಿಯಾಗುತ್ತವೆ, ಅದನ್ನು ಆಗಲೇ ನೋಡಿದಂತಾಯಿತಲ್ಲ. ಗಣಿತದ ವಿಷಯದಲ್ಲಿ ನನಗೆ ಆಗಲೂ ಅಂಜಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅತ್ತೆ ಬಿಡಲಿಲ್ಲ. ಹನ್ನೊಂದು, ಹದಿಮೂರು, ಹದಿನೇಳು ಎನ್ನುತ್ತ ಬಿಸಿಲು ಇಳಿಯುವ ತನಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದು, ಒಂದು ಹಪ್ಪಳ ಹರಿದು ಅರ್ಧ ನನಗೆ ಕೊಟ್ಟರು. ಉಳಿದ ತೊಂಬತ್ತಾರು ಎಂಟರ ಸಾಲಿನಲ್ಲಿ ತೆಪ್ಪಗೆ ಕೂತವು.

"ಸೋಮವಾರದಿಂದ ಹೋಗು," ಅಂದರು.

ಅತ್ತೆಯನ್ನು ಲೆಕ್ಕದಲ್ಲಿ ಸೋಲಿಸಿ ನೌಕರಿ ಗೆದ್ದೆ ಎಂದು ಆಮೇಲೆ ತರಗತಿಯಲ್ಲಿ ಎಷ್ಟು ಸಲ ಜಂಬ ಕೊಚ್ಚಿದ್ದೇನೋ! ಇವತ್ತು ಆ ವಾಸನೆಯ ನೆಪದಲ್ಲಿ ಅತ್ತೆಯ ಮುಂದೆಯೇ ಕೊಚ್ಚಿಕೊಂಡೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, ಏಳರ ಸಾಲು ಕೂತ ದಿನವೇ ನಿನ್ನನ್ನು ನೌಕರಿಗೆ ಕಳಿಸಬೇಕೆಂದು ಮಾಡಿದ್ದೆ ಎಂದರು.

"ಮತ್ತ ಮರುದಿನ ಸಂಜಿತನ ಯಾಕ ಹಾಕಿ ತಗದ್ರಿ?"

"ನೀ ಹೇಳಿದ್ದು ಖರೇನೋ ಸುಳ್ಳೋ ನೋಡಬೇಕಲ್ಲ. ನಮ್ಮನಿ ಸೊಸಿ ಹೋಗಿ ಮಂದಿ ಮಕ್ಕಳಿಗಿ ತಪ್ಪು ಕಲಿಸಬಾರದು."

ನಾನು ಸೊಪ್ಪಿನ ಕಟ್ಟು ನನ್ನ ಕಡೆಗೆ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ. ಸೋಮವಾರ ತರಗತಿಯಲ್ಲಿ ಈ ಕಥೆಯನ್ನು ತಿದ್ದಿ ಹೇಳಬೇಕು.