ಮೂರನೇ ಮಹಡಿಯ ಮತ

ದುಬೈಯ ಅಲ್ ಕೂಜ್‌ನ ನಮ್ಮ ಗೋದಾಮಿಗೆ ಬೆಂಕಿ ಬಿದ್ದದ್ದು ಬೆಳಗ್ಗೆ ಹತ್ತೂ ಮುಕ್ಕಾಲಿಗೆ. ಟ್ಯಾಕ್ಸಿ ನಿಲ್ಲಿಸುವ ವಿದ್ಯೆ ನನಗೆ ಮರೆತುಹೋದದ್ದೂ ಆ ಗಳಿಗೆಯಿಂದಲೇ. ಕೈ ಎತ್ತಬೇಕಷ್ಟೆ, ಅದರಲ್ಲೇನು ವಿದ್ಯೆ ಎನ್ನುತ್ತೀರಿ. ಹೊಗೆ ತುಂಬಿದ ಕಿಟಕಿಯ ಹಿಂದೆ ಹನುಮಪ್ಪನ ಕೈ ಒಮ್ಮೆ ಮೇಲೆದ್ದು ಇಳಿದುಹೋದದ್ದನ್ನು ರಸ್ತೆಯಾಚೆಯಿಂದ ಕಾಣುವವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಾಗಲಕೋಟೆಯ ಆ ಫೋರ್ಕ್‌ಲಿಫ್ಟ್ ಚಾಲಕ, "ಸರ್, ಚಾ ಕುಡದ್ ಬರ್ರಿ, ಪೆಟ್ಟಿಗಿ ಎಲ್ಲಿ ಓಡಿಹೊಕ್ಕಾವು?" ಎಂದು ಆಗಷ್ಟೇ ನನ್ನನ್ನು ಹೊರಗೆ ಕಳಿಸಿದ್ದ.

ಕಂಡವನು ನಾನೊಬ್ಬನೇ. ತನಿಖೆಯಲ್ಲಿ ಹೇಳಿಕೆ ಮುಗಿಯುವವರೆಗೆ ಯಾರೊಡನೆಯೂ ಮಾತಾಡಕೂಡದೆಂದು ಕಂಪನಿಯ ವಕೀಲರು ನನ್ನನ್ನು ಬನಿಯಾಸ್‌ನ ಫ್ಲ್ಯಾಟೊಂದರಲ್ಲಿ ಇರಿಸಿದರು. ವಾಚಾಳಿಯೆಂದು ಖ್ಯಾತನಾದ ನನಗೆ ಅಲ್ಲಿನ ಫ್ರಿಜ್ ಒಂದೇ ಸಹೃದಯ ಶ್ರೋತೃ. ಆ ಶುಕ್ರವಾರವೇ ಬರ್ ದುಬೈಯಲ್ಲಿ ನಮ್ಮ ಕನ್ನಡ ಸಂಘದ ಚುನಾವಣೆ. ಸದಸ್ಯರು ತೀರಿಕೊಂಡರೆ ಮೃತದೇಹದ ಜೊತೆ ಸಂಘದವರೊಬ್ಬರು ಊರಿಗೆ ಹೋಗುವುದು ವಾಡಿಕೆ. ಹನುಮಪ್ಪನಂಥ ಲೇಬರ್ ಕ್ಯಾಂಪಿನವರಿಗೋ ಸದಸ್ಯತ್ವವೇ ಇರಲಿಲ್ಲ. ಅದನ್ನು ಕೊಡಿಸುತ್ತೇನೆಂದು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರತ್ನಕ್ಕ ಗೆದ್ದರೆ, ಶವಾಗಾರದಲ್ಲಿ ಕಾಯುತ್ತಿದ್ದ ಹನುಮಪ್ಪ ಒಬ್ಬಂಟಿಯಾಗಿ ಹೋಗಬೇಕಿರಲಿಲ್ಲ.

ಆದರೆ ನಮ್ಮ ಸಂಘದಲ್ಲಿ ಚೀಟಿಯ ಮತವಿಲ್ಲ. ಎತ್ತಿದ ಕೈಯನ್ನು ಎರಡೂ ಪಕ್ಷದವರು ಕಣ್ಣಾರೆ ಕಾಣಬೇಕು. ಮಾತಿಲ್ಲದಿದ್ದರೆ ಅಡ್ಡಿಯಿಲ್ಲವೆಂದು ವಕೀಲರು ಒಪ್ಪಿದರು. ಹೀಗೆ ರತ್ನಕ್ಕನ ಕಡೆಯ ಶೆಟ್ಟರೂ ಎದುರು ಕಡೆಯ ಭಟ್ಟರೂ ಒಂದೇ ಕಾರಿನಲ್ಲಿ, ಪ್ರಾಯಶಃ ದಾರಿಯುದ್ದಕ್ಕೂ ಜಗಳವಾಡುತ್ತ, ಬಂದು ನನ್ನ ಮೂರನೇ ಮಹಡಿಯ ಕಿಟಕಿಯ ಕೆಳಗೆ ನಿಂತರು. ಶೆಟ್ಟರು ರತ್ನಕ್ಕನ ಹೆಸರು ಬರೆದ ರಟ್ಟನ್ನು ಹಿಡಿದು ತೋರಿಸಿದರು.

ಕೈ ಏಳಲಿಲ್ಲ. ಗಾಜಿನ ಹಿಂದೆ ನಿಂತವನು ನಾನೋ ಹನುಮಪ್ಪನೋ ತಿಳಿಯದಾಯಿತು. ಕೆಳಗಿದ್ದ ಪಠಾಣ ಕಾವಲುಗಾರ, ಸಾಹೇಬರಿಗೆ ನಾಚಿಕೆಯೆಂದು ಬಗೆದು, ಧೈರ್ಯ ತುಂಬಲು ತಾನೇ ಕೈ ಎತ್ತಿದ.

"ಇವಂದೂ ವೋಟಾ ಮಾರಾಯ್ರೆ?" ಭಟ್ಟರ ದನಿ ನನ್ನವರೆಗೂ ಏರಿ ಬಂತು.

"ಸುಮ್ನಿರಿ ಭಟ್ರೆ, ಮೇಲೆ ನೋಡಿ!"

ನಗು ಬಂತು, ಬೆನ್ನಿಗೇ ಅಳುವೂ ಬಂತು. ಎರಡರ ನಡುವೆ ಎಲ್ಲೋ ಕೈ ಮೇಲೆದ್ದಿತ್ತು. ಭಟ್ಟರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, "ಕಂಡಿತು, ಕಂಡಿತು. ಖಲಾಸ್. ಇಳಿಸಿ ಸಾರ್" ಎಂದರು. ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಇಳಿಸಲಿಲ್ಲ.

ರತ್ನಕ್ಕ ಗೆದ್ದರು. ಹನುಮಪ್ಪನ ಜೊತೆ ಬಾಗಲಕೋಟೆಗೆ ಹೋದವರು, ಯಾರೂ ಕೇಳಿಕೊಳ್ಳದೆಯೇ, ಭಟ್ಟರು. ಮಣ್ಣಾಯಿತೆಂದು ಅವರು ಫೋನ್ ಮಾಡಿದ ದಿನ, ಹೇಳಿಕೆ ಮುಗಿಸಿ ಬಿಡುಗಡೆಯಾಗಿದ್ದ ನಾನು ರಸ್ತೆಬದಿಯಲ್ಲಿ ನಿಂತು ಕೈ ಎತ್ತಿದೆ. ಟ್ಯಾಕ್ಸಿಗಳು ಎಂದಿನಂತೆ ನನ್ನನ್ನು ಲೆಕ್ಕಿಸದೆ ಹೋದವು. ಒಂದು ನಿಲ್ಲುವವರೆಗೂ ಕೈ ಮೇಲೆಯೇ ಇತ್ತು. ಅಂದು ರಾತ್ರಿ, ಬೆಂಕಿ ಬಿದ್ದ ಮೇಲೆ ಮೊದಲ ಬಾರಿಗೆ, ಬೆಳಗಾಗುವವರೆಗೆ ನಿದ್ದೆ ಮಾಡಿದೆ.